ಸೀಟು ಕೊಟ್ಟಿದ್ದು ಕನ್ನಡ, ಡಂಗುರ ಮಾತ್ರ ಇಂಗ್ಲಿಷಿನಲ್ಲಿ!



ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ನಮ್ಮ ಹೊಸಕೆರೆಹಳ್ಳಿಯಲ್ಲಿ ಮಳೆ ಬರಲಿ ಬಿಡಲಿ, ಸ್ಟೇಟಸ್ಸುಗಳ ಸುರಿಮಳೆಯಂತೂ ಗ್ಯಾರಂಟಿ. ಬೆಳಗ್ಗೆ ವಾಟ್ಸಾಪ್ ತೆಗೆದರೆ ಸಾಕು: ‘ಪ್ರೌಡ್ ಪೇರೆಂಟ್ಸ್’, ‘ಡ್ರೀಮ್ ಕಾಲೇಜ್’, ‘ಬ್ಲೆಸ್ಡ್’! ಮಗಳ ಫೋಟೊ, ಕಾಲೇಜಿನ ಗೇಟು, ರ‍್ಯಾಂಕು. ಎಲ್ಲವೂ ಇಂಗ್ಲಿಷು. ಹಾಕಿದವರು ಯಾರು? ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಾಡದ ಅಪ್ಪ-ಅಮ್ಮ. ನೋಡುವವರು ಯಾರು? ಮಾಗಡಿಯ ಸೋದರಮಾವ, ಕನಕಪುರದ ಚಿಕ್ಕಮ್ಮ. ಹಾಗಾದರೆ ಈ ಇಂಗ್ಲಿಷು ಯಾರಿಗಾಗಿ ಸ್ವಾಮಿ?

ನಾನು ಇಲ್ಲೊಂದು ಪ್ರೆಸ್ಸು ಇಟ್ಟುಕೊಂಡಿರುವವನು. ಓದಿದ್ದು ಬರೀ ಪಿಯುಸಿ. ದೊಡ್ಡ ದೊಡ್ಡ ಮಾತು ನನಗೆ ಬಾರದು. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡುವ ಹೆಣ್ಣುಮಗಳೊಬ್ಬರಿದ್ದಾರೆ. ಅವರ ಮಗಳು ಒಂದರಿಂದ ಹತ್ತರವರೆಗೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಆ ಹುಡುಗಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ತಾಯಿ ಹಿರಿಹಿರಿ ಹಿಗ್ಗಿ, ಸೀಟಿನ ಚೀಟಿಯನ್ನು ಹಾಗೇ ಸ್ಟೇಟಸ್ಸಿಗೆ ಹಾಕಿದರು. ಅರ್ಧ ಗಂಟೆಯಾಗಿಲ್ಲ, ನೆಂಟರೊಬ್ಬರ ಫೋನು: “ಏನಮ್ಮಾ, ಕನ್ನಡ ಕೋಟಾದಲ್ಲಿ ಸಿಕ್ಕಿದ್ದಾ?” ಅಷ್ಟೇ. ಸ್ಟೇಟಸ್ಸು ಮಾಯ. ಮಾರನೇ ದಿನ ಅದೇ ಚೀಟಿ ಮತ್ತೆ ಬಂತು, ಆದರೆ ಒಂದು ಜಾಗದ ಮೇಲೆ ಗುಲಾಬಿ ಹೂವಿನ ಚಿತ್ರ ಅಂಟಿತ್ತು. ಕೇಳಿದೆ. “ಮಗಳು ರಾತ್ರಿಯೆಲ್ಲಾ ಅತ್ಲು ಅಣ್ಣಾ, ಅದಕ್ಕೇ ಮುಚ್ಚಿದೆ” ಎಂದರು.

ಆ ಹೂವಿನ ಕೆಳಗೆ ಇದ್ದದ್ದೇನು ಗೊತ್ತೇ? ‘2ಎಕೆ’. ಕೆ ಎಂದರೆ ಕನ್ನಡ! ಕನ್ನಡ ನಾಡಿನ ರಾಜಧಾನಿಯಲ್ಲಿ, ಕನ್ನಡದ ಹುಡುಗಿ, ಕನ್ನಡ ಎಂಬ ಅಕ್ಷರವನ್ನು ನಾಚಿಕೆಯಿಂದ ಹೂವಿಟ್ಟು ಮುಚ್ಚಬೇಕಾಯಿತು. ಇದಕ್ಕಿಂತ ಅವಮಾನ ಬೇಕೇ?

ಈ ‘ಕೆ’ ಏನೆಂದು ತಿಳಿಯದವರು ತಿಳಿದುಕೊಳ್ಳಿ. 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯ ಸರ್ಕಾರಿ ಸೀಟುಗಳಲ್ಲಿ ನೂರಕ್ಕೆ 5 ಮೀಸಲು. ಹೆಡ್ಮಾಸ್ತರು ಬರೆದುಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಿದ ಪ್ರಮಾಣಪತ್ರ ಬೇಕು. ಇದು ಭಿಕ್ಷೆಯಲ್ಲ. ಹತ್ತು ವರ್ಷ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಮಗು ಪಿಯುಸಿ ವಿಜ್ಞಾನದ ಮೊದಲ ದಿನವೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕು. ಪಕ್ಕದ ಬೆಂಚಿನವನು ಒಂದು ಸಲ ಓದಿದ್ದನ್ನು ಇವಳು ಎರಡು ಸಲ ಓದಿದ್ದಾಳೆ. ಹಾಗೆ ಓದಿ ಗೆದ್ದವಳು ತಲೆ ತಗ್ಗಿಸಬೇಕೋ, ಅವಳನ್ನು ಹಂಗಿಸಿದ ನೆಂಟರು ತಗ್ಗಿಸಬೇಕೋ?

ಗಡಿಯಾಚೆ ನೋಡಿ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಮಕ್ಕಳು, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಮಕ್ಕಳು ಗಡಿನಾಡ ಕನ್ನಡಿಗರೆಂದು ನಮ್ಮಲ್ಲಿ ಸೀಟು ಕೇಳಿದರೆ, ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅವರು ಕನ್ನಡ ಬರುತ್ತದೆಂದು ಬರೆದು ತೋರಿಸಿ ಸೀಟು ಪಡೆಯುತ್ತಾರೆ. ನಾವು ಕನ್ನಡದಿಂದ ಸೀಟು ಪಡೆದು ಅದನ್ನೇ ಮುಚ್ಚಿಡುತ್ತೇವೆ!

“ನಮ್ಮ ಮಗು, ನಮ್ಮ ಖುಷಿ, ನಿಮಗ್ಯಾಕೆ ಹೊಟ್ಟೆಕಿಚ್ಚು?” ಎನ್ನುತ್ತೀರಿ. ಖುಷಿಪಡಿ, ಬೇಡವೆಂದವರಾರು? ಆದರೆ ನಿಮ್ಮ ಸ್ಟೇಟಸ್ಸು ನಿಮ್ಮ ಮನೆಯೊಳಗೇ ಉಳಿಯುವುದಿಲ್ಲ. ಬೀದಿಯ ಇನ್ನೊಬ್ಬ ತಾಯಿ ಅದನ್ನು ನೋಡುತ್ತಾಳೆ. ಗೆದ್ದವರೆಲ್ಲಾ ಇಂಗ್ಲಿಷಿನವರೇ ಎಂದು ನಂಬುತ್ತಾಳೆ. ಮುಂದಿನ ಜೂನ್‌ನಲ್ಲಿ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸಿ, ಸಾಲ ಮಾಡಿ ಕಾನ್ವೆಂಟಿಗೆ ಹಾಕುತ್ತಾಳೆ. ಮಕ್ಕಳಿಲ್ಲವೆಂದು ಶಾಲೆಗೆ ಬೀಗ ಬೀಳುತ್ತದೆ. ಆಗ ನಾವು ಧರಣಿ ಕೂರುತ್ತೇವೆ! ಆ ಬೀಗದ ಕೈ ನಮ್ಮ ಮೊಬೈಲಿನಲ್ಲೂ ಇತ್ತು ಎಂಬುದನ್ನು ಮರೆಯಬೇಡಿ.

ಇನ್ನೂ ಒಂದು ಮಾತು. ಹಾಕುವ ಮುಂಚೆ ಮಗುವನ್ನು ಕೇಳಿದಿರಾ? 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸೆಂಟರುಗಳಿಗೆ ಮೂಗುದಾರ ಹಾಕಿತು. ಆಯ್ಕೆಯಾದ ಅಭ್ಯರ್ಥಿಯ ಹೆಸರು, ಫೋಟೊ ಜಾಹೀರಾತಿಗೆ ಬೇಕಾದರೆ ಆಯ್ಕೆಯಾದ ಮೇಲೆ ಅಭ್ಯರ್ಥಿಯಿಂದಲೇ ಲಿಖಿತ ಒಪ್ಪಿಗೆ ಪಡೆಯಬೇಕು. ದುಡ್ಡಿಗಾಗಿ ಮಾಡುವವನೇ ಕೇಳಬೇಕಂತೆ, ಹೆತ್ತವರು ಕೇಳಬಾರದೇ? ಸಿಇಟಿ ನಂಬರು, ಹುಟ್ಟಿದ ತಾರೀಕು ಸಮೇತ ಊರಿಗೆಲ್ಲಾ ಹಂಚುತ್ತೀರಲ್ಲ, ನಾಳೆ ಯಾವನೋ ವಂಚಕ ಅದನ್ನು ಹಿಡಿದು ಫೋನು ಮಾಡಿದರೆ ಹೊಣೆ ಯಾರು?

ನಾನೇನು ಸಾಚಾ ಅಲ್ಲ. ನನ್ನ ಮಗನಿಗೆ ಸೀಟು ಸಿಕ್ಕಾಗ ನಾನೂ ‘ಪ್ರೌಡ್ ಫಾದರ್’ ಎಂದೇ ಹಾಕಿದ್ದೆ. ನಮ್ಮವ್ವ ಮೊಬೈಲು ಹಿಡಿದುಕೊಂಡು, “ಏನು ಬರ್ದಿದೀಯ ಮಗಾ, ಓದಿ ಹೇಳೋ” ಎಂದಳು. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಮೊಮ್ಮಗನ ಸಂತೋಷವನ್ನು ಸ್ವಂತ ಅಜ್ಜಿಯೇ ಓದದಂತೆ ಮಾಡಿದವನು ನಾನು. ಬದುಕಿಡೀ ಕನ್ನಡ ಅಚ್ಚು ಹಾಕಿ ಅನ್ನ ಉಂಡವನಿಗೆ ಆ ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಆದ್ದರಿಂದ ಅಪ್ಪಂದಿರೇ, ಅಮ್ಮಂದಿರೇ, ಕೈಮುಗಿದು ಕೇಳುತ್ತೇನೆ. ಮೊದಲು ಮಗುವನ್ನು ಕೇಳಿ. ಅದು ಒಪ್ಪಿದರೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಚೀಟಿ ಬೇಡ, ನಂಬರು ಬೇಡ. ಕಾಲೇಜಿನ ಹೆಸರಿನ ಮೇಲೆ, ಅಕ್ಷರ ಕಲಿಸಿದ ಕನ್ನಡ ಶಾಲೆಯ ಹೆಸರಿರಲಿ. ಕನ್ನಡ ಮಾಧ್ಯಮದಿಂದ ಸಿಕ್ಕಿದ್ದರೆ ಹಾಗೆಂದು ದಪ್ಪಕ್ಷರದಲ್ಲಿ ಹೇಳಿ.

ನಮ್ಮ ಬೈಂಡಿಂಗ್ ತಾಯಿಯ ಮಗಳಿಗೆ ನಾನೇ ಒಂದು ಅಭಿನಂದನಾ ಪತ್ರ ಅಚ್ಚು ಹಾಕಿಕೊಟ್ಟೆ, ಅವಳನ್ನು ಕೇಳಿಯೇ. “ಕನ್ನಡ ಶಾಲೆ ಅಂತ ದೊಡ್ಡದಾಗಿ ಹಾಕಿ ಮಾವ” ಎಂದಳು. ಹಾಕಿದೆ. ಈ ಸಲ ಹೂವು ಪಕ್ಕದಲ್ಲಿದೆ, ಅಕ್ಷರದ ಮೇಲಿಲ್ಲ.

ಸಿರಿಗನ್ನಡಂ ಗೆಲ್ಗೆ!