ಗ್ರೀಷ್ಮದ ಹೂದೋಟವೂ ಶಾಲೆಯ ಅಂಗಳವೂ

ಹೂದೋಟವೆಂದೊಡನೆ ಮಲೆನಾಡಿನ ತಂಪನ್ನೋ ಮೈಸೂರು ಸೀಮೆಯ ಅರಸರ ಉದ್ಯಾನಗಳನ್ನೋ ನೆನೆಯುವುದು ಕನ್ನಡಿಗರ ರೂಢಿ. ಮುಧೋಳ ಸೀಮೆಯ ತಿಮ್ಮಾಪುರದಂತಹ ಊರನ್ನು ಆ ಸಾಲಿನಲ್ಲಿ ಎಣಿಸುವವರು ವಿರಳ. ಎರೆಭೂಮಿ, ಕಬ್ಬಿನ ತೋಟ, ಸಕ್ಕರೆ ಕಾರ್ಖಾನೆ, ವೈಶಾಖದಲ್ಲಿ ೪೦ ಡಿಗ್ರಿಯನ್ನು ಮುಟ್ಟುವ ಬಿಸಿಲು, ಇವಿಷ್ಟೇ ಈ ಸೀಮೆಯ ಲಕ್ಷಣಗಳೆಂದು ಹೊರಗಿನವರು ಮಾತ್ರವಲ್ಲ, ಒಳಗಿನವರೂ ನಂಬಿದಂತಿದೆ. ಆ ನಂಬಿಕೆ ಅರ್ಧಸತ್ಯ. ಬಯಲುಸೀಮೆಯಲ್ಲಿ ಪರಿಮಳದ ಗಿಡಗಳಿಗೆ ಬೇಸಗೆಯೇ ತಕ್ಕ ಋತು. ದುಂಡುಮಲ್ಲಿಗೆ ಬಿಸಿಲನ್ನು ಬೇಡಿ ಬೆಳೆಯುವ ಬಳ್ಳಿ. ಫಾಲ್ಗುಣದಲ್ಲಿ ಮೊಗ್ಗು ಹಿಡಿದು, ಬಿಸಿಲು ಏರಿದಂತೆಲ್ಲ ಹೂವನ್ನು ಹೆಚ್ಚಿಸಿಕೊಂಡು, ಮುಂಗಾರು ಬಿದ್ದ ಮೇಲೆ ಕ್ರಮೇಣ ತಗ್ಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕರ್ನಾಟಕದ ಮೂರು ಮಲ್ಲಿಗೆಗಳಲ್ಲಿ ಒಂದು ಹಡಗಲಿಯದು. ಹಡಗಲಿ ಅಪ್ಪಟ ಬಯಲು ನಾಡು ಎಂಬುದನ್ನು ಇಲ್ಲಿ ನೆನೆಯಬಹುದು.

ಹಿಂದಿನ ಮನೆಗಳ ಹಿತ್ತಲು ಈ ಸತ್ಯವನ್ನು ಅರಿತಿತ್ತು. ಬಚ್ಚಲಿನ ನೀರು ಹರಿಯುವ ಕಡೆ ಒಂದು ಬಾಳೆ, ಅದರ ಆಚೆಗೆ ಮಲ್ಲಿಗೆಯ ಹಂದರ, ಹಂದರದ ನೆರಳಿನ ಅಂಚಿನಲ್ಲಿ ಮರುಗ, ಬಿಸಿಲಿನ ಬದಿಗೆ ದವನದ ಮಡಿ, ತುಳಸಿ, ಕಾಮಕಸ್ತೂರಿ, ಬೇಲಿಯ ಸಾಲಿಗೆ ಕಣಗಿಲೆ. ಇದಕ್ಕೆ ಎಕರೆಗಟ್ಟಲೆ ಭೂಮಿ ಬೇಡ. ಎರಡು ಕೋಣೆಯಷ್ಟು ಜಾಗ ಸಾಕು. ದವನದ ಬೀಜ ಧೂಳಿನಷ್ಟು ಸಣ್ಣದು. ಅದನ್ನು ಚಳಿಗಾಲದಲ್ಲಿ ಬಿತ್ತಿದರೆ ಚೈತ್ರದ ಹುಣ್ಣಿಮೆಗೆ, ಅಂದರೆ ದವನದ ಹುಣ್ಣಿಮೆಗೆ, ಬೂದುಹಸಿರಿನ ಎಲೆಗಳೊಡನೆ ಕೈಗೆ ಬರುತ್ತದೆ. ಒಣಗಿದ ಮೇಲೂ ಕಂಪನ್ನು ಬಿಡದ ಗುಣ ಅದರದು. ದೇವರಿಗೆ ಏರಿಸಿದ ದವನದ ಕಡ್ಡಿಯನ್ನು ಅನಂತರ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟರೆ ಅದರ ವಾಸನೆ ಬಹುಕಾಲ ಉಳಿಯುತ್ತದೆ. ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ಹಾಕಿದರೆ ಕ್ಷಣಮಾತ್ರದಲ್ಲಿ ಉಬ್ಬಿ, ಸುತ್ತಲೂ ತಿಳಿಯಾದ ಲೋಳೆಯ ಕೋಶವೊಂದನ್ನು ಹೊದೆದುಕೊಳ್ಳುತ್ತದೆ. ಅದನ್ನು ಪಾನಕಕ್ಕೆ ಬೆರೆಸಿ ಕುಡಿದವರಿಗೆ ಬೇಸಗೆಯ ಮಧ್ಯಾಹ್ನ ಅಷ್ಟು ಕ್ರೂರವಾಗಿ ಕಾಣದು. ಮುಡಿವಾಳವೆಂದೂ ಲಾವಂಚವೆಂದೂ ಕರೆಯುವ ಹುಲ್ಲಿನ ಬೇರು ಕೊಡದ ನೀರಿಗೆ ತಂಪನ್ನು ಕೊಟ್ಟರೆ, ಅದೇ ಬೇರಿನಿಂದ ಹೆಣೆದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟಿದರೆ ಒಳಗೆ ಬರುವ ಬಿಸಿಗಾಳಿಯೂ ಸೌಮ್ಯವಾಗುತ್ತದೆ. ಬಿಲ್ವವೃಕ್ಷ ಹಳೆಯ ಎಲೆಗಳನ್ನು ಉದುರಿಸಿ ಎಳೆಯ ತಳಿರನ್ನು ತಳೆಯುವುದು ಇದೇ ದಿನಗಳಲ್ಲಿ. ಪಂಚಾಂಗ ಇವನ್ನು ವಸಂತವೆನ್ನುತ್ತದೆ. ಮೈ ಮಾತ್ರ ಗ್ರೀಷ್ಮವೆಂದೇ ಹೇಳುತ್ತದೆ.

ಪ್ರಾಚೀನ ಕವಿಗಳು ಗ್ರೀಷ್ಮವನ್ನು ಕೇವಲ ತಾಪದ ಕಾಲವೆಂದು ಬಗೆಯಲಿಲ್ಲ. ಕಾಳಿದಾಸ ಶಾಕುಂತಲದ ಪ್ರಸ್ತಾವನೆಯಲ್ಲಿ ನಟಿಯಿಂದ ಹಾಡಿಸಿದ್ದು ಗ್ರೀಷ್ಮವನ್ನು. ಸೂತ್ರಧಾರನ ಮಾತಿನಲ್ಲಿ ಅದು ಉಪಭೋಗಕ್ಕೆ ತಕ್ಕ ಕಾಲ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನಿಗೆ ಬನವಾಸಿಯನ್ನು ನೆನಪಿಗೆ ತರುವ ಸಂಗತಿಗಳಲ್ಲಿ ಬಿರಿದ ಮಲ್ಲಿಗೆಯೂ ಒಂದು. ಈ ಪದ್ಯವನ್ನು ಓದಿಸದ ಕನ್ನಡ ಅಧ್ಯಾಪಕನಿಲ್ಲ. ಆದರೆ 'ಬಿರಿ' ಎಂಬ ಧಾತುವಿನ ಅರ್ಥವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುವುದು ಎಷ್ಟು ಕಷ್ಟ! ಅರಳುವುದು ಬೇರೆ, ಬಿರಿಯುವುದು ಬೇರೆ. ಸಂಜೆಯ ಬಿಸಿಲು ಇಳಿದು ಮಬ್ಬುಗತ್ತಲೆ ಕವಿಯುವ ಹೊತ್ತಿಗೆ ಮಲ್ಲಿಗೆಯ ಮೊಗ್ಗಿನ ತುದಿ ಒಳಗಿನ ಒತ್ತಡಕ್ಕೆ ಸೀಳಿ ಕಂಪನ್ನು ಹೊರಬಿಡುವುದನ್ನು ಒಮ್ಮೆ ಕಂಡ ಬಾಲಕನಿಗೆ ವ್ಯಾಖ್ಯಾನ ಬೇಕಿಲ್ಲ. ನನೆ, ಮುಗುಳು, ಮೊಗ್ಗೆ, ಅಲರು ಎಂದು ಹೂವಿನ ಒಂದೊಂದು ಅವಸ್ಥೆಗೂ ಕನ್ನಡ ಒಂದೊಂದು ಶಬ್ದವನ್ನು ಇಟ್ಟುಕೊಂಡಿದೆ. ಗಿಡದ ಮುಂದೆ ನಿಲ್ಲದ ವಿದ್ಯಾರ್ಥಿಗೆ ಇವೆಲ್ಲವೂ 'ಹೂ' ಎಂಬ ಒಂದೇ ಅರ್ಥದ ಪರ್ಯಾಯಪದಗಳಾಗಿ, ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. ಮುದುವೊಳಲು ಎಂಬ ಹಳೆಯ ಹೆಸರಿನ ಮುಧೋಳವು ೯೪೯ರಲ್ಲಿ ರನ್ನನಿಗೆ ಜನ್ಮವಿತ್ತ ನೆಲ. ರನ್ನನ ನೆಲದಲ್ಲಿ ಹಳಗನ್ನಡದ ಶಬ್ದಗಳಿಗೆ ವಸ್ತುಗಳೇ ಇಲ್ಲದಂತಾದರೆ ಅದು ಸಣ್ಣ ನಷ್ಟವಲ್ಲ. ೧೦೨೫ರ ಸುಮಾರಿಗೆ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯ (ಪುರಾಣವನ್ನು ಬರೆದ ಚಾವುಂಡರಾಯನಲ್ಲ) ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೂ ಅಂತರ್ಜಲದ ಶೋಧನೆಗೂ ಸುಗಂಧದ್ರವ್ಯಗಳಿಗೂ ಎಡೆ ಕೊಟ್ಟಿದ್ದಾನೆ. ಸಾವಿರ ವರ್ಷಗಳ ಹಿಂದೆ ಕನ್ನಡದ ಒಂದೇ ಗ್ರಂಥದಲ್ಲಿ ಗಿಡ, ನೀರು, ಪರಿಮಳ ಮೂರೂ ಕೂಡಿ ಬಂದಿರುವುದು ಆಕಸ್ಮಿಕವಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪ ಏಳುವುದುಂಟು. ಹೂವಿನ ಕಂಪನ್ನು ಸವಿಯುವುದು ಭೋಗಿಗಳ ಕೆಲಸ. ಕಾಯಕ ದಾಸೋಹಗಳನ್ನು ಸಾರುವ ಮಠಕ್ಕೂ ಮಠದ ಶಾಲೆಗೂ ಅದು ಒಪ್ಪದು ಎಂಬುದೇ ಆ ಆಕ್ಷೇಪ. ಹಾಗೆನ್ನುವವರು ಷಟ್ಸ್ಥಲ ಸಿದ್ಧಾಂತದ ಮೊದಲ ಮೆಟ್ಟಿಲನ್ನೇ ಮರೆತಿದ್ದಾರೆ. ಭಕ್ತಸ್ಥಲದಲ್ಲಿ ಆಚಾರಲಿಂಗಕ್ಕೆ ಘ್ರಾಣವೇ ಮುಖ, ಗಂಧವೇ ಅರ್ಪಣದ ದ್ರವ್ಯ. ರುಚಿ, ರೂಪು, ಸ್ಪರ್ಶ, ಶಬ್ದಗಳ ಅರ್ಪಣೆ ಅನಂತರದ ಸ್ಥಲಗಳಲ್ಲಿ ಬರುತ್ತದೆ, ಕೊನೆಯಲ್ಲಿ ತೃಪ್ತಿ. ಮೂಗಿಗೆ ಬಂದ ಸುಗಂಧವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಿದಲ್ಲಿಂದಲೇ ಭಕ್ತನ ದಾರಿ ಆರಂಭವಾಗುತ್ತದೆ. ಗಂಧವೇ ಇಲ್ಲದ ಅಂಗಳದಲ್ಲಿ ಬಾಲಕನೊಬ್ಬ ಏನನ್ನು ಅರ್ಪಿಸಬೇಕು? ಅಕ್ಕಮಹಾದೇವಿಯ ಅಂಕಿತದಲ್ಲಿಯೇ ಮಲ್ಲಿಗೆ ಇದೆ: ಮಲ್ಲಿಕಾ ಎಂದರೆ ಮಲ್ಲಿಗೆ, ಅರ್ಜುನ ಎಂದರೆ ಬಿಳುಪು. ಅರಮನೆಯನ್ನು ತೊರೆದ ವಿರಾಗಿಣಿಯು ತನ್ನ ಇಷ್ಟದೈವವನ್ನು ಬೆಳ್ಮಲ್ಲಿಗೆಯ ಹೆಸರಿನಿಂದ ಕರೆದದ್ದು ವೈರಾಗ್ಯಕ್ಕೆ ಕುಂದೆಂದು ಯಾರೂ ಹೇಳಿಲ್ಲ.

ಹಿತ್ತಲುಗಳಿಗೆ ಬಂದ ಸ್ಥಿತಿಯನ್ನು ಹೆಚ್ಚು ವರ್ಣಿಸಬೇಕಾಗಿಲ್ಲ. ಕಾಲುವೆಯ ನೀರು ಬಂದಲ್ಲೆಲ್ಲ ಕಬ್ಬು ಬಂದಿತು; ಕಬ್ಬಿನಿಂದ ಹಣ ಬಂದಿತು; ಹಣದಿಂದ ಮನೆ ದೊಡ್ಡದಾಗಿ ಹಿತ್ತಲು ಚಿಕ್ಕದಾಯಿತು; ಉಳಿದ ಜಾಗಕ್ಕೆ ಸಿಮೆಂಟು ಬಿದ್ದಿತು. ಅತಿಯಾಗಿ ನೀರು ನಿಲ್ಲಿಸಿದ ಎರೆಭೂಮಿ ಹಲವೆಡೆ ಸವಳು ಜವಳಾಗಿ, ಬಿಳಿಯ ಉಪ್ಪು ಮೇಲೆದ್ದಿದೆ. ಮಲ್ಲಿಗೆಯ ಬೇರು ಇಂತಹ ನೆಲವನ್ನು ಸಹಿಸದು. ಕಬ್ಬನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಈ ಸೀಮೆಯ ಶಾಲೆಗಳ ಎಷ್ಟೋ ಕೊಠಡಿಗಳ ಗೋಡೆಗಳಲ್ಲಿ ಕಬ್ಬಿನ ಹಣವಿದೆ. ಆದರೆ ಬೆಳಗಿನ ಜಾವ ಪತ್ರೆಪುಷ್ಪಗಳನ್ನು ಮನೆಮನೆಗೆ ಮುಟ್ಟಿಸಿ ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ ಹೂಗಾರರ ಕಾಯಕವು ಇಂದು ಸಂತೆಯ ವ್ಯಾಪಾರವಾಗಿದೆ. ಲಿಂಗಪೂಜೆಯ ಹೂವು ದೂರದ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತ ಬರುತ್ತದೆ.

ಈಗ ಶಾಲೆಯ ಮಾತು. ೧೯೫೦ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಮಳೆಗಾಲದಲ್ಲಿ ಸಸಿ ನೆಡುವುದು ಶಾಲೆಗಳ ನೇಮವಾಗಿದೆ. ಗಣ್ಯರು ಬರುತ್ತಾರೆ, ಗುಂಡಿಗೆ ಮಣ್ಣು ಎಳೆಯುತ್ತಾರೆ, ಛಾಯಾಚಿತ್ರವಾಗುತ್ತದೆ. ದೀಪಾವಳಿಯವರೆಗೆ ಗಿಡ ತನ್ನಷ್ಟಕ್ಕೆ ಬೆಳೆಯುತ್ತದೆ. ಎಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದು ಶಾಲೆಗೆ ಬೀಗ ಬೀಳುತ್ತದೆ. ಮೇ ತಿಂಗಳ ಕೊನೆಗೆ ಬೀಗ ತೆಗೆದಾಗ ಗಿಡದ ಜಾಗದಲ್ಲಿ ಕಡ್ಡಿ ಇರುತ್ತದೆ. ಮರುವರ್ಷ ಅದೇ ಗುಂಡಿ, ಬೇರೆ ಗಣ್ಯರು. ಇದನ್ನು ಯಾರೊಬ್ಬರ ಅಲಕ್ಷ್ಯವೆನ್ನಲಾಗದು. ಶಾಲೆಯ ವರ್ಷವೂ ತೋಟದ ವರ್ಷವೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿರುವುದೇ ಕಾರಣ. ಹೂದೋಟವು ಅತ್ಯಂತ ಸೊಗಸಾಗಿರುವ ಐವತ್ತು ದಿನಗಳು ಶಾಲೆಯಲ್ಲಿ ಯಾರೂ ಇರದ ಐವತ್ತು ದಿನಗಳೇ ಆಗಿವೆ. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯೂ ಈ ರಜೆಯಲ್ಲಿಯೇ ಬರುತ್ತದೆ. ಅಂದು ಭಾವಚಿತ್ರಕ್ಕೆ ಹಾಕುವ ಮಾಲೆಯಲ್ಲಿ ಶಾಲೆಯ ಅಂಗಳದ ಒಂದು ಹೂವೂ ಇರುವುದಿಲ್ಲ.

ಉಳಿದ ಶಾಲೆಗಳಿಗೆ ಈ ತೊಡಕನ್ನು ಬಿಡಿಸುವುದು ಕಷ್ಟ. ಮಠದ ಶಾಲೆಗೆ ಕಷ್ಟವಲ್ಲ. ಶಾಲೆಗೆ ರಜೆಯುಂಟು, ಮಠಕ್ಕೆ ರಜೆಯಿಲ್ಲ. ದಾಸೋಹದ ಒಲೆ ಬೇಸಗೆಯಲ್ಲಿಯೂ ಉರಿಯುತ್ತದೆ. ಊಟ ಮಾಡಿದವರು ಕೈ ತೊಳೆದ ನೀರು ಪ್ರತಿದಿನವೂ ಮೋರಿಗೆ ಹರಿಯುತ್ತದೆ. ಕುಡಿಯಲು ನೀರು ಸಾಲದ ತಿಂಗಳಲ್ಲಿ ಹೂವಿಗೆ ನೀರು ಹಾಕುವುದು ನ್ಯಾಯವೇ ಎಂದು ಕೇಳುವವರಿಗೆ ಉತ್ತರ ಈ ಮೋರಿಯಲ್ಲಿದೆ. ಸೋಪಿನ ನೀರನ್ನು ಬೇರ್ಪಡಿಸಿ, ಉಳಿದುದನ್ನು ಗರಸಿನ ಗುಂಡಿಯೊಂದರಲ್ಲಿ ಸೋಸಿ ಮಡಿಗಳಿಗೆ ತಿರುಗಿಸಿದರೆ ಹೊಸದಾಗಿ ಒಂದು ಕೊಡವನ್ನೂ ಸೇದಬೇಕಾಗಿಲ್ಲ. ಎಂಜಲು ಕೈ ತೊಳೆದ ನೀರಿನಿಂದ ಬೆಳೆದ ಹೂವು ಪೂಜೆಗೆ ಸಲ್ಲುವುದೇ ಎಂಬ ಶಂಕೆ ಹಿರಿಯರಲ್ಲಿ ಕೆಲವರಿಗೆ ಇದೆ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಉಚ್ಛಿಷ್ಟಸೂತಕವೂ ಒಂದೆಂಬುದನ್ನು ಅವರು ಬಲ್ಲರು, ನೆನಪಿಸಿದರೆ ಸಾಕು. ನೀರೆರೆಯಲು ತಿಮ್ಮಾಪುರದಲ್ಲಿಯೇ ಮನೆಯುಳ್ಳ ಹತ್ತು ಹನ್ನೆರಡು ಮಕ್ಕಳು ಸರದಿಯಂತೆ ಸಂಜೆ ಅರ್ಧ ಗಂಟೆ ಬಂದರೆ ಆದೀತು. ಅವರಿಗೆ ಅಂಕ ಕೊಡಬಾರದು, ಹಾಜರಿ ಹಿಡಿಯಬಾರದು. ಕೊಯ್ದ ಮೊಗ್ಗುಗಳಲ್ಲಿ ಗದ್ದುಗೆಗೆ ಸಲ್ಲುವಷ್ಟನ್ನು ಸಲ್ಲಿಸಿ ಉಳಿದುದನ್ನು ತಾಯಂದಿರಿಗೆ ಒಯ್ಯಲು ಬಿಡಬೇಕು. ಅಂಕಪಟ್ಟಿಗಿಂತ ಬಲವಾದ ಆಕರ್ಷಣೆ ಅದು. ಕಣಗಿಲೆಯನ್ನು ಮಾತ್ರ ಸಣ್ಣ ಮಕ್ಕಳ ಕೈಗೆಟಕದಂತೆ ಬೇಲಿಯಾಚೆ ಬೆಳೆಸುವುದು ಮೇಲು. ಅದರ ಬೇರು, ಎಲೆ, ಹೂವು ಸಮಸ್ತವೂ ವಿಷ.

ದಾನಿಗಳಲ್ಲಿಯೂ ಒಂದು ವಿನಂತಿ ಸಲ್ಲತಕ್ಕುದು. ಕೊಠಡಿಗೆ, ಮಹಾದ್ವಾರಕ್ಕೆ, ಆವರಣದ ಗೋಡೆಗೆ ಕೊಡುವವರಿದ್ದಾರೆ, ಏಕೆಂದರೆ ಅಲ್ಲಿ ಶಿಲಾಫಲಕಕ್ಕೆ ಸ್ಥಳವುಂಟು. ಸೋಸುಗುಂಡಿಗೆ, ಒಂದು ಗಾಡಿ ಕೆಮ್ಮಣ್ಣಿಗೆ, ಹಂದರದ ಕಂಬಗಳಿಗೆ ಕೊಡುವವರು ಕಡಿಮೆ. ಹೆಸರಿನ ವಿಷಯಕ್ಕೇ ಬಂದರೆ ಈ ಸೀಮೆಯವರೆಲ್ಲ ಬಲ್ಲ ಗಲಾಟೆ ಹೂವಿನ ಕಥೆ ಸ್ವಾರಸ್ಯವಾದುದು. ಹಳದಿ ಕೆಂಪು ಬಣ್ಣದ, ಬಿಸಿಲಿಗೆ ಬಗ್ಗದ ಈ ಹೂವು ಅಮೆರಿಕ ಖಂಡದಿಂದ ಬಂದುದು. ಫ್ರಾನ್ಸಿನಲ್ಲಿ ಸಸ್ಯಶಾಸ್ತ್ರಕ್ಕೆ ಪೋಷಕನಾಗಿದ್ದ ಗೈಯಾರ್ ಎಂಬ ನ್ಯಾಯಾಧೀಶನ ಗೌರವಾರ್ಥ ವಿದ್ವಾಂಸರು ಅದನ್ನು ಗೈಲಾರ್ಡಿಯಾ ಎಂದು ಕರೆದರು. ಆ ಹೆಸರು ಕನ್ನಡದ ನಾಲಗೆಯಲ್ಲಿ ಸವೆದು 'ಗಲಾಟೆ'ಯಾಯಿತು. ಅಪಭ್ರಂಶಪ್ರಕರಣದಲ್ಲಿ ಕೇಶಿರಾಜನಿಗೆ ದೊರೆಯದ ಉದಾಹರಣೆ! ಆ ಪುಣ್ಯಾತ್ಮನ ಫಲಕ ಎಲ್ಲಿದೆಯೋ ಈ ಸೀಮೆಯಲ್ಲಿ ಯಾರೂ ಕೇಳರು. ಹೂವು ಮಾತ್ರ ಘಟಪ್ರಭೆಯ ದಂಡೆಯ ಸಂತೆಗಳಲ್ಲಿ ಬುಟ್ಟಿಗಟ್ಟಲೆ ಮಾರಾಟವಾಗುತ್ತಿದೆ.

ತಾಂತ್ರಿಕ ನೆರವಿಗೆ ದೂರ ಹೋಗಬೇಕಾಗಿಲ್ಲ. ೨೦೦೮ರಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಶ್ವವಿದ್ಯಾಲಯ ಜಿಲ್ಲಾಕೇಂದ್ರವಾದ ಬಾಗಲಕೋಟೆಯಲ್ಲಿಯೇ ಇದೆ. ಮೊದಲು ಅಂಗಳದ ಮಣ್ಣನ್ನು ಪರೀಕ್ಷಿಸಿ ಸವಳಿನ ಪ್ರಮಾಣವನ್ನು ತಿಳಿಯಬೇಕು. ಸವಳು ಹೆಚ್ಚಿದ್ದಲ್ಲಿ ನೆಲಕ್ಕಿಂತ ಒಂದೂವರೆ ಅಡಿ ಎತ್ತರದ ಮಡಿಗಳನ್ನು ಕಟ್ಟಿ ಕೆಮ್ಮಣ್ಣು, ಮರಳು, ತಿಪ್ಪೆಗೊಬ್ಬರಗಳನ್ನು ತುಂಬಬೇಕು. ಮಲ್ಲಿಗೆಯ ಕಡ್ಡಿಗಳನ್ನು ನೆಡಲು ಮಳೆಗಾಲವೇ ಸರಿ. ದವನವನ್ನು ಕಾರ್ತಿಕ ಕಳೆಯುವುದರೊಳಗೆ ಬಿತ್ತಬೇಕು. ಬೆಳೆದ ಮಲ್ಲಿಗೆಗೆ ಮಾರ್ಗಶಿರದಲ್ಲಿ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಸವರಿ, ಬುಡ ಬಿಡಿಸಿ ಗೊಬ್ಬರವಿಟ್ಟು ಮತ್ತೆ ನೀರು ಕೊಡಬೇಕು. ಈ ಮೂರು ಕೆಲಸಗಳೂ ಶಾಲೆ ನಡೆಯುವ ತಿಂಗಳುಗಳಲ್ಲಿಯೇ ಬರುತ್ತವೆ. ಮೊದಲ ವರ್ಷ ಹೂವು ತೆಳುವಾಗಿರುತ್ತದೆ. ಎರಡನೆಯ ಬೇಸಗೆಯಿಂದ ಹಂದರದ ಕೆಳಗೆ ಚಾಪೆ ಹಾಸಿ ಕುಳಿತುಕೊಳ್ಳಬಹುದು.