ಆಶೆ ಎಂಬುದು ಯಾವ ದಿಕ್ಕು?

ಕಳೆದ ಮೊಂತಿ ಹಬ್ಬಕ್ಕೆ ನಾಲ್ಕು ದಿನಗಳಿರುವಾಗ ನಮ್ಮ ನೆರೆಯ ಕ್ರೈಸ್ತ ಗೃಹಸ್ಥರೊಬ್ಬರು ಮಳೆಯಲ್ಲಿಯೇ ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಕೊಡೆಯ ನೀರು ಇಳಿಯುವ ತನಕ ಮಾತಿಲ್ಲ. ಆ ಬಳಿಕ, “ಮಾಷ್ಟ್ರೇ, ನಮ್ಮ ಇಗರ್ಜಿಯ ಮಕ್ಕಳಿಗೆ ನೀವು ಒಂದು ದಿನ ಬಂದು ನಾಲ್ಕು ಮಾತು ಹೇಳ್ಕ್” ಎಂದರು. ಯಾವ ಮಕ್ಕಳೆಂದು ಕೇಳಿದೆವು. ಹತ್ತನೆಯ ತರಗತಿಯನ್ನು ದಾಟಿದವರೂ ದಾಟಲಿರುವವರೂ ಸೇರಿ ಇಪ್ಪತ್ತು ಮಂದಿ ಎಂದರು. ಯಾವ ವಿಷಯವೆಂದು ಕೇಳಿದೆವು. ಅವರು ತುಸು ತಡೆದು, “ಮುಂದಿನ ಕಾಲದ ಮೇಲೆ ಅವರಿಗೆ ಆಶೆಯೇ ಕಾಣುವುದಿಲ್ಲ, ಮಾಷ್ಟ್ರೇ. ನನ್ನ ಮಗನಿಗೇ ಇಲ್ಲ” ಎಂದರು.

ಈ ಪುಟವನ್ನು ತಿಂಗಳು ತಿಂಗಳೂ ಓದುವ ವಾಚಕರು ನಮ್ಮನ್ನು ಬಲ್ಲರು. ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವರು ನಾವು; ಬೈಬಲ್ ಗ್ರಂಥವನ್ನು ಕನ್ನಡದಲ್ಲಿ ಓದಿದ್ದುಂಟಾದರೂ ಅದನ್ನು ಬೋಧಿಸುವ ಅಧಿಕಾರ ನಮಗೆಲ್ಲಿಯದು? ಹಾಗೆಂದು ಅಲ್ಲಿಯ ಪಾದ್ರಿಗಳಿಗೆ ಹೇಳಿ ಕಳುಹಿಸಿದೆವು. ಅವರಿಂದ ಬಂದ ಉತ್ತರವೇನೆಂದರೆ, ದೊತೊರ್ನನ್ನು ತಾವು ಕಲಿಸುತ್ತಲೇ ಇರುವೆವು, ಮೂವತ್ತು ವರ್ಷ ಮಕ್ಕಳ ಮುಖವನ್ನು ನೋಡಿದವರು ಕಂಡದ್ದನ್ನು ಹೇಳಿದರೆ ಸಾಕು ಎಂದು. ಇದಕ್ಕೆ ಪ್ರತ್ಯುತ್ತರವಿರಲಿಲ್ಲ, ಹೊರಟೆವು.

ನಮ್ಮ ಮರವಂತೆಯನ್ನು ಕಂಡವರಿಗೆ ವಿವರಿಸಬೇಕಾದುದಿಲ್ಲ. ಪಡುವಲಲ್ಲಿ ಕಡಲು, ಮೂಡಲಲ್ಲಿ ಸೌಪರ್ಣಿಕೆ, ನಡುವೆ ಒಂದು ರಸ್ತೆ. ಬೆಳಗಾದರೆ ಆ ರಸ್ತೆಯಲ್ಲಿ ನಮ್ಮ ತರುಣರೆಲ್ಲರೂ ತೆಂಕಣಕ್ಕೆ ಹೋಗುವ ಬಸ್ಸುಗಳಲ್ಲಿ ತುಂಬಿರುತ್ತಾರೆ: ಕುಂದಾಪುರಕ್ಕೆ, ಉಡುಪಿಗೆ, ಮಂಗಳೂರಿಗೆ, ಅಲ್ಲಿಂದ ಮುಂದೆ ಮುಂಬಯಿಗೋ ದುಬಾಯಿಗೋ ಕುವೈತಿಗೋ. ಹೋಗುವುದು ತಪ್ಪೆಂದು ನಾವು ಎಂದೂ ಹೇಳಿದವರಲ್ಲ. ನಮ್ಮ ತಮ್ಮನೇ ಮುಂಬಯಿಯಲ್ಲಿ ಹೋಟೆಲಿನ ಗಲ್ಲೆಯ ಮುಂದೆ ಕುಳಿತು ನಮ್ಮ ಓದಿಗೆ ಹಣ ಕಳುಹಿಸಿದವನು.

ಸಭಾಗೃಹದಲ್ಲಿ ಮಕ್ಕಳು ಎರಡು ಸಾಲಾಗಿ ಕುಳಿತಿದ್ದರು. ಮೊದಲು ನಾವೇ ಕೇಳಿದೆವು: ಮುಂದೆ ಏನೆಂದು ನಿಮಗೆ ಹಿರಿಯರು ಏನೇನು ಹೇಳಿದ್ದಾರೆ? ಉತ್ತರಗಳು ಎರಡೇ ಬಗೆಯವು. ಮನೆಯಲ್ಲಿ ಹೇಳುವುದು ವೀಸಾ, ನರ್ಸಿಂಗ್, ಇಂಜಿನಿಯರಿಂಗ್. ಇಗರ್ಜಿಯಲ್ಲಿ ಹೇಳುವುದು, ದೇವರು ನಿನಗಾಗಿ ಒಂದು ಯೋಜನೆಯನ್ನು ಇಟ್ಟಿದ್ದಾನೆ ಎಂದು. ಒಬ್ಬ ಹುಡುಗಿ ತನ್ನ ಪುಸ್ತಕದೊಳಗಿನಿಂದ ಚಿತ್ರವಿದ್ದ ಒಂದು ಚೀಟಿಯನ್ನು ತೆಗೆದು ತೋರಿಸಿದಳು. ಪ್ರವಾದಿ ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನ: ದೇವರು ತನ್ನ ಜನರಿಗೆ ಒಳ್ಳೆಯ ಭವಿಷ್ಯವನ್ನು ಮಾತುಕೊಡುವ ವಚನ. ಎಲ್ಲರ ಬಳಿಯೂ ಅದೇ ಚೀಟಿ ಇದೆಯಂತೆ.

ಈ ಅಧ್ಯಾಯವನ್ನು ಪೂರ್ತಿ ಓದಿದವರು ಯಾರು ಎಂದು ಕೇಳಿದೆವು. ಒಂದು ಕೈಯೂ ಏಳಲಿಲ್ಲ. ನಾವು ಹಿಂದಿನ ರಾತ್ರಿ ಓದಿಕೊಂಡು ಹೋಗಿದ್ದೆವಾದುದರಿಂದ (ಉಪಾಧ್ಯಾಯನಿಗೆ ಇಷ್ಟು ಕಪಟವು ಕ್ಷಮ್ಯ) ಕಥೆಯನ್ನು ಹೇಳಿದೆವು. ಯೆರೂಸಲೇಮಿನ ಜನರನ್ನು ಬಾಬಿಲೋನಿನ ಅರಸನು ಸೆರೆಹಿಡಿದು ಒಯ್ದಿದ್ದಾನೆ. ಹನನ್ಯನೆಂಬ ಪ್ರವಾದಿ, ಎರಡೇ ವರ್ಷ, ಎಲ್ಲರೂ ಹಿಂದಿರುಗುವಿರಿ ಎನ್ನುತ್ತಾನೆ. ಯಾರಿಗೆ ಹಿತವಾಗದು ಆ ಮಾತು? ಯೆರೆಮೀಯನಾದರೋ ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯಿಟ್ಟ ಆ ಪಟ್ಟಣದ ಕ್ಷೇಮವನ್ನೇ ಹಾರೈಸಿರಿ, ಎಪ್ಪತ್ತು ವರ್ಷವಾಗುತ್ತದೆ ಎಂದು ತಿಳಿಸುತ್ತಾನೆ. ಚೀಟಿಯ ವಚನವು ಬರುವುದು ಇಷ್ಟನ್ನೂ ಹೇಳಿದ ಮೇಲೆ.

ಮಕ್ಕಳು ಲೆಕ್ಕ ಹಾಕಿದರು. ಹದಿನೇಳಕ್ಕೆ ಎಪ್ಪತ್ತು ಸೇರಿದರೆ ಎಂಬತ್ತೇಳು. “ಹಾಗಾದರೆ ಆ ಪತ್ರ ಕೇಳಿದವರು ಯಾರೂ ಊರು ನೋಡಲೇ ಇಲ್ಲವಾ, ಸರ್?” ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ಬಹುತರವಾಗಿ ಇಲ್ಲ ಎಂದೆವು. ಅವನೇ ನಮ್ಮ ನೆರೆಯವರ ಮಗ.

ಅದು ಬಾಬಿಲೋನಿನ ಕಥೆಯಾಯಿತು. ಅವರ ಮನೆಯ ಕಥೆಯೇ ಇನ್ನೊಂದುಂಟು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಅನೇಕರು. 1799ರಲ್ಲಿ ಪಟ್ಟಣವು ಬಿದ್ದು ಸುಲ್ತಾನನು ಮಡಿದ ಬಳಿಕ ಉಳಿದವರು ಇಳಿದುಬಂದರು. ಎರಡು ವರ್ಷದ ಕೂಸಾಗಿ ಘಟ್ಟ ಹತ್ತಿದವನು ಹದಿನೇಳರ ತರುಣನಾಗಿ ಇಳಿದಿರಬೇಕು. ಅವನಿಗೆ ಈ ಊರಿನ ನೆನಪೇ ಇಲ್ಲ. ಗದ್ದೆ ಪರರ ಕೈಯಲ್ಲಿ. ಇಗರ್ಜಿಗಳು ಹಲವೆಡೆ ಬರಿಯ ಗೋಡೆ. ಅವನು ಮತ್ತೆ ಗೇಣಿಗೆ ಗದ್ದೆ ಹಿಡಿದು ಬಿತ್ತಿದನಾದುದರಿಂದಲೇ ಈ ಮಕ್ಕಳು ಮೊಂತಿ ಹಬ್ಬದ ದಿನ ಹೊಸ ತೆನೆಯನ್ನು ಮನೆಗೆ ತರುವುದು. ನಮ್ಮ ಕಡೆಯ ಹೊಸ್ತೂ ಅದೇ ತೆನೆಯ ಹಬ್ಬ. ಹಳೆಯ ವೈರವನ್ನು ಕೆದಕುವುದಕ್ಕಾಗಿ ನಾವು ಇದನ್ನು ಹೇಳಲಿಲ್ಲ, ಹಾಗೆಂದು ಮಕ್ಕಳಿಗೂ ಎಚ್ಚರಿಸಿದೆವು. ಇಪ್ಪತ್ತರಲ್ಲಿ ಇಬ್ಬರಿಗೆ ಮಾತ್ರ ಆ ಸೆರೆಯ ಸುದ್ದಿ ಗೊತ್ತಿತ್ತು. ಅಜ್ಜನು ಯಾವುದನ್ನು ದಾಟಿ ಬಂದನೆಂದು ತಿಳಿಸದೆ, ಮೊಮ್ಮಗನಿಗೆ ಧೈರ್ಯವಿಲ್ಲವೆಂದು ನಾವು ದೂರುತ್ತೇವೆ.

ತಲೆಯ ಮೇಲಿನ ಹೆಂಚನ್ನೂ ತೋರಿಸಿದೆವು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ದೀಕ್ಷೆ ಪಡೆದವರಿಗೆ ಜಾತಿಯೊಡನೆ ಕುಲಕಸಬೂ ಹೋಯಿತು. ಅವರ ಮಕ್ಕಳ ಅನ್ನಕ್ಕೆಂದು ಅಚ್ಚುಕೂಟ, ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ ಇವು ಹುಟ್ಟಿದವು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಹೋಗಬೇಕಾಯಿತು, ಕಾರ್ಖಾನೆಗಳು ಪರಹಸ್ತವಾದವು. ಕಲಿತ ಕೈ ಮಾತ್ರ ಕಲಿತವನಲ್ಲಿಯೇ ಉಳಿಯಿತು.

ಇಲ್ಲಿ ನಮ್ಮ ಹಳೆಯ ಚಪಲವು ಎದ್ದಿತು. ಕನ್ನಡ ಬೈಬಲಿನಲ್ಲಿ ಈ ಗುಣಕ್ಕೆ ಇಟ್ಟಿರುವ ಹೆಸರು ‘ನಿರೀಕ್ಷೆ’. ಮಕ್ಕಳು ಮನೆಯಲ್ಲಿ ಕೊಂಕಣಿಯಲ್ಲಿ ‘ಭರ್ವಸೊ’ ಎನ್ನುತ್ತಾರೆ. ನಿರೀಕ್ಷಾ ಎಂದರೆ ಸಂಸ್ಕೃತದಲ್ಲಿ ದೃಷ್ಟಿಯಿಟ್ಟು ನೋಡುವುದು. ಸುಮ್ಮನೆ ಕಾದು ಕುಳಿತಿರುವುದಲ್ಲ. ಇನ್ನು ‘ಆಶಾ’ ಶಬ್ದವನ್ನು ಅಮರಸಿಂಹನು ದಿಕ್ಕಿನ ಹೆಸರುಗಳಲ್ಲಿ ಎಣಿಸಿದ್ದಾನೆ. ಎರಡು ಆಶೆಗಳಿಗೂ ವ್ಯುತ್ಪತ್ತಿ ಬೇರೆಯೆಂದು ಪಂಡಿತರು ನಮ್ಮ ಮೇಲೆ ಬೀಳಬಹುದು, ಬೀಳಲಿ. ‘ಉದ್ದೇಶ’ ಎಂಬುದರ ಹೊಟ್ಟೆಯಲ್ಲಿರುವುದೂ ತೋರಿಸುವುದೆಂಬ ಅರ್ಥದ ದಿಶ್ ಧಾತುವೇ. ಮೀನಿಗೆ ಹೋಗುವವನು ಮೀನನ್ನು ಮೊದಲೇ ಕಂಡು ದೋಣಿ ಇಳಿಸುವುದಿಲ್ಲ. ದಿಕ್ಕು ಹಿಡಿದು ಹೋಗುತ್ತಾನೆ. ನಾವು ಮಕ್ಕಳ ಕೈಗೆ ಮೀನನ್ನು, ಎಂದರೆ ವೀಸಾವನ್ನು, ಚಿತ್ರದಲ್ಲಿ ಬರೆದು ಕೊಡುತ್ತೇವೆ. ಅದು ಸಿಕ್ಕದಾಗ ಅವರ ಬಳಿ ದಿಕ್ಕೂ ಇರುವುದಿಲ್ಲ.

ಆಗ ಅದೇ ಹುಡುಗನು ಎದ್ದು ನಿಂತನು. “ದೇವರ ಯೋಜನೆ ಮೊದಲೇ ಆಗಿದೆಯೆಂದರೆ ನಾವು ಆರಿಸುವುದೆಂತ? ಬೇರೆಯದನ್ನು ಆರಿಸಿದರೆ ಯೋಜನೆ ತಪ್ಪಿತಾ?” ಎಂದನು. ದೈವ ಪುರುಷಕಾರಗಳ ಈ ಜಗಳ ನಮ್ಮ ಶಾಸ್ತ್ರಗಳಲ್ಲಿಯೂ ತೀರಿಲ್ಲ. ದೇವರ ಪಕ್ಷವನ್ನು ನಾವು ವಹಿಸಲಾರೆವೆಂದು ಒಪ್ಪಿಕೊಂಡು, ಅವರೆಲ್ಲರೂ ಹೆಸರು ಕೇಳಿದ್ದ ಒಬ್ಬರ ವೃತ್ತಾಂತವನ್ನು ಹೇಳಿದೆವು.

ಜಾರ್ಜ್ ಫೆರ್ನಾಂಡಿಸರು 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ಹಿರಿಯ ಮಗ, ಪಾದ್ರಿಯಾಗಲೆಂದು ಹದಿನಾರನೆಯ ಪ್ರಾಯದಲ್ಲಿ, 1946ರಲ್ಲಿ, ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಗುರುಗಳ ಊಟದ ಪಂಕ್ತಿ ಬೇರೆ, ವಿದ್ಯಾರ್ಥಿಗಳದು ಬೇರೆ. ಹೇಳುವುದಕ್ಕೂ ನಡೆಯುವುದಕ್ಕೂ ಇಷ್ಟು ಅಂತರವೇ ಎಂದು ಮನಸ್ಸು ಮುರಿದು 1949ರಲ್ಲಿ ಬಿಟ್ಟು ಬಂದರು. ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದೂ ಉಂಟು. ಬಳಿಕ ಕೂಲಿಗಾರರ ಮುಂದಾಳಾದರು. 1974ರಲ್ಲಿ ರೈಲ್ವೆ ನೌಕರರ ಮಹಾ ಮುಷ್ಕರವನ್ನು ನಡೆಸಿದವರೇ 1989ರ ಕೊನೆಗೆ ರೈಲ್ವೆ ಮಂತ್ರಿಗಳಾದರು; ಅವರ ಕಾಲದಲ್ಲಿ, 1990ರಲ್ಲಿ, ಕೊಂಕಣ ರೈಲ್ವೆಯ ನಿಗಮವು ಸ್ಥಾಪಿತವಾಯಿತು. 1998ರ ಜನವರಿಯಿಂದ ಆ ಮಾರ್ಗವು ಪೂರ್ತಿಯಾಗಿ ನಡೆಯುತ್ತಿದೆ. ನಮ್ಮ ಸೇನಾಪುರದ ನಿಲ್ದಾಣವು ಅದರ ಮೇಲೆಯೇ ಇದೆ. 2019ರಲ್ಲಿ ಅವರು ತೀರಿಕೊಂಡರು. ಅವರ ರಾಜಕಾರಣದ ಗುಣದೋಷಗಳು ಬೇರೆ ಮಾತು, ಆ ವಿಷಯದಲ್ಲಿ ನಮಗೂ ಆಕ್ಷೇಪಗಳುಂಟು. 1949ರಲ್ಲಿ ಪೆಟ್ಟಿಗೆ ಹಿಡಿದು ಮನೆಗೆ ಬಂದ ಆ ಹತ್ತೊಂಬತ್ತರ ತರುಣನನ್ನು ಕಂಡವರು, ಇವನ ಕಥೆ ಮುಗಿಯಿತು ಎಂದಿರಲಾರರೇ? ಹುಡುಗನು ಉತ್ತರ ಹೇಳದೆ ಕುಳಿತನು. ಸಮಾಧಾನವಾಯಿತೆಂದು ನಾವು ಹೇಳಲಾರೆವು.

ಮುಂದೆ ಹೇಳಬೇಕೆಂದು ಗುರುತು ಹಾಕಿಕೊಂಡಿದ್ದ ಮಾತನ್ನು ಬಿಟ್ಟು, ಹೇಳಬಾರದೆಂದುಕೊಂಡಿದ್ದುದನ್ನು ಆ ದಿನ ಹೇಳಿಬಿಟ್ಟೆವು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಕ್ರೈಸ್ತ ಹುಡುಗನಿದ್ದ. ಸಂಸ್ಕೃತದ ವಿಭಕ್ತಿಗಳು ಅವನ ನಾಲಗೆಗೆ ಹತ್ತವು; ಆದರೆ ಕೆಟ್ಟ ಗಡಿಯಾರವೊಂದು ಸಿಕ್ಕಿದರೆ ಪಾಠದ ವೇಳೆಯಲ್ಲಿಯೇ ಬಿಚ್ಚಿ ಕೂಡಿಸುವನು. ಒಂದು ದಿನ ಎಲ್ಲರೆದುರಿಗೆ, ನಿನ್ನ ಹಣೆಯಲ್ಲಿ ದೋಣಿ ಎಳೆಯುವುದಲ್ಲದೆ ಬೇರೆ ಬರೆದಿಲ್ಲ ಎಂದೆವು. ತರಗತಿ ನಕ್ಕಿತು. ನಾವೂ ನಕ್ಕೆವು. ಮರುದಿನ ಅವನು ಬರಲಿಲ್ಲ, ಆ ವಾರವೂ ಬರಲಿಲ್ಲ. ಅವನ ತಾಯಿ ಬಾಯಮ್ಮನವರು ಶಾಲೆಯ ಮೆಟ್ಟಿಲಿನವರೆಗೆ ಬಂದು, “ಅವನಿಗೆ ಎಂತ ಹೇಳಿದಿರಿ ಮಾಷ್ಟ್ರೇ?” ಎಂದು ಮೆಲ್ಲನೆ ಕೇಳಿದರು. ಏನೂ ಹೇಳಿಲ್ಲವೆಂದೆವು.

ಸಭಾಗೃಹದಲ್ಲಿ ಸದ್ದಿರಲಿಲ್ಲ. ಆ ಹಣೆಬರಹವನ್ನು ಓದಿದವರು ದೇವರಲ್ಲ, ನಾವೇ ಎಂದು ಮಕ್ಕಳಿಗೆ ಹೇಳಿದೆವು. ಹೊರಡುವಾಗ ಪಾದ್ರಿಗಳು ನಮ್ಮ ಕೈಯನ್ನು ಹಿಡಿದರೇ ಹೊರತು ಏನನ್ನೂ ನುಡಿಯಲಿಲ್ಲ.

ಗೃಹಸ್ಥರೊಡನೆ ಎರಡು ಮಾತುಗಳು ಉಳಿದಿವೆ. ಯಾವ ಮತದವರಾದರೂ ಆಗಲಿ, ಮಗನು ಏನಾಗುತ್ತಾನೆಂದು ನೆಂಟರ ಮುಂದೆ ಅವನನ್ನು ನಿಲ್ಲಿಸಿ ಕೇಳಬೇಡಿರಿ. ತನಗಲ್ಲದ ಒಬ್ಬರಿಗೆ ಉಪಯೋಗವಾಗುವ ಯಾವುದಾದರೂ ಕೆಲಸವನ್ನು ವಾರಕ್ಕೊಮ್ಮೆಯಾದರೂ ಅವನಿಗೆ ಒಪ್ಪಿಸಿರಿ: ನೆರೆಯ ಮುದುಕಿಯ ಔಷಧಿ ತರುವುದಾಗಲಿ, ಚಿಕ್ಕವರಿಗೆ ಲೆಕ್ಕ ಹೇಳಿಕೊಡುವುದಾಗಲಿ. ತಾನು ಬೇಕಾದವನೆಂದು ಒಮ್ಮೆ ಕಂಡ ಹುಡುಗನಿಗೆ ಉದ್ದೇಶವೆಂದರೇನೆಂದು ನಾವು ಧಾತುಪಾಠ ಹೇಳಬೇಕಾಗುವುದಿಲ್ಲ. ಪರೀಕ್ಷೆಯಲ್ಲಿ ತಪ್ಪಿದ ಮಗುವು ಊಟಕ್ಕೆ ಬಾರದೆ ಕುಳಿತರೆ ಒಬ್ಬರು ಹತ್ತಿರವಿರತಕ್ಕದ್ದು. ಉಪದೇಶ ಬೇಡ, ಹತ್ತಿರವಿದ್ದರೆ ಸಾಕು.

ನೆರೆಯವರ ಮಗನು ಈಗ ಸಂಜೆ ಕೆಲವೊಮ್ಮೆ ನಮ್ಮ ಜಗಲಿಗೆ ಬರುತ್ತಾನೆ. ಯೋಜನೆಯ ಪ್ರಶ್ನೆಯನ್ನು ಅವನು ಬಿಟ್ಟಿಲ್ಲ. ನಮ್ಮಲ್ಲಿ ಉತ್ತರವಿಲ್ಲವೆಂದು ಗೊತ್ತಿದ್ದೂ ಕೇಳುತ್ತಾನೆ. ಕಳೆದ ವಾರ ಅವನಿಂದಲೇ ತಿಳಿಯಿತು, ನಮ್ಮ ಆ ಹಳೆಯ ವಿದ್ಯಾರ್ಥಿಯು ಗಂಗೊಳ್ಳಿಯಲ್ಲಿದ್ದಾನೆ, ದೋಣಿಗಳ ಯಂತ್ರವನ್ನು ಸರಿಮಾಡುತ್ತಾನೆ, ಅವನ ಕೈಕೆಳಗೆ ಮೂವರು ಕೆಲಸ ಕಲಿಯುತ್ತಿದ್ದಾರೆ ಎಂದು. ದೋಣಿ ಎಂಬ ನಮ್ಮ ಮಾತು ಅಷ್ಟರ ಮಟ್ಟಿಗೆ ನಿಜವಾಯಿತಲ್ಲ ಎಂದು ಒಂದು ಕ್ಷಣ ತೋರಿ, ನಾಚಿಕೆಯಾಯಿತು.

ಗಂಗೊಳ್ಳಿ ಇಲ್ಲಿಂದ ಬಸ್ಸಿನಲ್ಲಿ ಒಂದು ಗಳಿಗೆಯ ದಾರಿ. ಮಳೆ ಬಿಡಲಿ ಎಂದು ಮೊದಲು ಅಂದುಕೊಂಡೆವು. ಮಳೆ ಬಿಟ್ಟು ನಾಲ್ಕು ದಿನವಾಯಿತು, ಇನ್ನೂ ಹೋಗಿಲ್ಲ.