ಟೈಮ್ ತಿದ್ದಬೇಡಿ, ಝೋನ್ ಬದಲಿಸಿ

ಉಪ್ಪುಂದ ಕಡೆಯ ನಮ್ಮಲ್ಲಿ ಕೆಲವರ ಲ್ಯಾಪ್‌ಟಾಪ್ ದುಬೈಯಿಂದ ಬಂದದ್ದು, ಅಣ್ಣನೋ ಮಾವನೋ ಬಳಸಿ ಕೊಟ್ಟದ್ದು. ಕಳೆದ ಸೆಮ್‌ನಲ್ಲಿ ಅದು ರಾತ್ರಿ ಹತ್ತೂವರೆ ತೋರಿಸುತ್ತಿತ್ತು. ಇಲ್ಲಿ ಹನ್ನೆರಡಾಗಿ ಅಸೈನ್‌ಮೆಂಟ್ ಲಿಂಕ್ ಮುಚ್ಚಿಯೇ ಹೋಗಿತ್ತು. ದುಬೈ ಯುಟಿಸಿ +4, ನಮ್ಮದು +5:30.

ಮರುದಿನ ನಾವು ಮಾಡಿದ್ದು ಇನ್ನೊಂದು ತಪ್ಪು: ಝೋನ್ ಮುಟ್ಟದೆ ಗಡಿಯಾರವನ್ನೇ ಒಂದೂವರೆ ಗಂಟೆ ಮುಂದೆ ತಳ್ಳಿದ್ವಿ. ಹಾಗೆ ಮಾಡಿದ್ರೆ ಒಳಗಿನ ಯುಟಿಸಿ ಕೆಡ್ತದೆ. ಇಂಟರ್ನೆಟ್‌ನಲ್ಲಿ ಸಿಂಕ್ ಆದ ಕೂಡಲೇ ಗಡಿಯಾರ ವಾಪಸ್ ದುಬೈಗೇ ಓಡ್ತದೆ.

ವಿಂಡೋಸ್‌ನಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲನ್ನು ಆರಿಸಿ. ಬೆಂಗಳೂರಿಲ್ಲ ಅಂತ ಬೇಜಾರು ಬೇಡ. ದುಬೈಯನ್ನು ಎರಡನೇ ಗಡಿಯಾರವಾಗಿ ಇಟ್ಕೊಳ್ಳಿ. ಅಣ್ಣನಿಗೆ ಫೋನ್ ಮಾಡ್ಲಿಕ್ಕೆ ಅದು ಬೇಕು, ಡೆಡ್‌ಲೈನಿಗೆ ಮಾತ್ರ ನಮ್ಮೂರಿನದ್ದೇ ಆಗಬೇಕು.